ಹೆಸರು ಅಳಿಸುವ ಅಧಿಕಾರ ಯಾರದು

ನೀವು ಈಗ ಕೇಳುತ್ತಿರುವ ನಿಲಯದ ಹೆಸರಿನಿಂದಲೇ ಮಾತು ಶುರು ಮಾಡುತ್ತೇನೆ. 1935ರಲ್ಲಿ ಮೈಸೂರಿನ ಮಹಾರಾಜ ಕಾಲೇಜಿನ ಮನಶ್ಶಾಸ್ತ್ರದ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿಯವರು ಒಂಟಿಕೊಪ್ಪಲಿನ ತಮ್ಮ ಮನೆಯಲ್ಲೇ ಒಂದು ಸಣ್ಣ ಪ್ರಸಾರಯಂತ್ರ ಇಟ್ಟುಕೊಂಡು ಬಾನುಲಿ ಆರಂಭಿಸಿದರು. ಆ ಪುಟ್ಟ ನಿಲಯಕ್ಕೆ ‘ಆಕಾಶವಾಣಿ’ ಎಂಬ ಹೆಸರಾಯಿತು. ಸೂಚಿಸಿದವರು ನಾ. ಕಸ್ತೂರಿಯವರು ಎಂದು ಮೈಸೂರಿನ ಹಿರಿಯರು ಹೇಳುತ್ತಾ ಬಂದಿದ್ದಾರೆ. ಮನೆಯೊಂದರಲ್ಲಿ ಹುಟ್ಟಿದ ಆ ಹೆಸರನ್ನು 1950ರ ದಶಕದಲ್ಲಿ ಇಡೀ ದೇಶದ ಸರ್ಕಾರಿ ಬಾನುಲಿಯೇ ತನ್ನದಾಗಿ ಮಾಡಿಕೊಂಡಿತು. 1990ರ ಪ್ರಸಾರ ಭಾರತಿ ಕಾಯ್ದೆಯಲ್ಲಿ ಪಾರ್ಲಿಮೆಂಟು ಅದನ್ನೇ ಬರೆಯಿತು. ‘ಆಲ್ ಇಂಡಿಯಾ ರೇಡಿಯೊ’ ಎನ್ನುವುದನ್ನು ಬಿಟ್ಟು ‘ಆಕಾಶವಾಣಿ’ ಎಂದೇ ಹೇಳಬೇಕೆಂಬ ಆದೇಶ ಹೊರಟದ್ದು 2023ರಲ್ಲಿ. ಜನರ ಕಿವಿಯಲ್ಲಿ ಮೊದಲು ನಿಂತು, ಕಾಯ್ದೆಯ ಪುಟಕ್ಕೆ ಆಮೇಲೆ ಬಂದ ಹೆಸರು ಇದು. ನಡುವೆ ಅರ್ಧ ಶತಮಾನಕ್ಕೂ ಮಿಗಿಲಾದ ಕಾಲ ಸರಿದಿತ್ತು.

ಎಲ್ಲ ಹೆಸರುಗಳಿಗೂ ಇಷ್ಟು ಕಾಲಾವಕಾಶ ಸಿಗುವುದಿಲ್ಲ. ನಾನು ಪುರಸಭೆ ಕಚೇರಿಗಳಲ್ಲಿ ಮೂವತ್ತು ವರ್ಷ ದುಡಿದವನು. ಗುಮಾಸ್ತನಾಗಿ ಸೇರಿ, ಕೊನೆಗೆ ಸಭೆಯ ನಡಾವಳಿ ಬರೆಯುವ ಹೊಣೆ ಹೊತ್ತವನು. ಸಾಮಾನ್ಯ ಸಭೆಯ ವಿಷಯಸೂಚಿ ಒಂದು ವಾರ ಮೊದಲೇ ಸದಸ್ಯರ ಮನೆಗೆ ಹೋಗುತ್ತದೆ. ನೀರಿನ ಕೊಳವೆ, ಬೀದಿದೀಪ, ಸಂತೆಯ ಹರಾಜು, ಎಲ್ಲವೂ ಅದರಲ್ಲಿ ಇರುತ್ತವೆ. ಕಟ್ಟಕಡೆಯಲ್ಲಿ ಒಂದು ಸಾಲು: ‘ಅಧ್ಯಕ್ಷರ ಅಪ್ಪಣೆಯ ಮೇರೆಗೆ ಇತರ ವಿಷಯಗಳು.’ ನಾನು ನೋಡಿದ ಬಹುಪಾಲು ನಾಮಕರಣಗಳು ಆ ಕೊನೆಯ ಸಾಲಿನ ಕೆಳಗೇ ನಡೆದವು. ಸಂಜೆ ಐದು ಗಂಟೆ, ಅರ್ಧ ಸದಸ್ಯರು ಎದ್ದು ಹೋಗಿದ್ದಾರೆ, ಕಾಫಿ ಲೋಟಗಳನ್ನು ಎತ್ತುತ್ತಿದ್ದಾರೆ. ಒಬ್ಬರು ಒಂದು ಹೆಸರು ಹೇಳುತ್ತಾರೆ, ಇನ್ನೊಬ್ಬರು ಅನುಮೋದಿಸುತ್ತಾರೆ. ‘ಸರ್ವಾನುಮತದಿಂದ ಠರಾಯಿಸಲಾಯಿತು’ ಎಂದು ನಾನೇ ನನ್ನ ಕೈಯಾರೆ ಬರೆದಿದ್ದೇನೆ. ಒಂದು ಚರಂಡಿಗೆ ಮೂರು ಸಭೆ ಚರ್ಚೆ ಮಾಡುವ ನಾವು, ನೂರು ವರ್ಷ ನಿಲ್ಲಬೇಕಾದ ಹೆಸರಿಗೆ ಮೂರು ನಿಮಿಷ ಕೊಟ್ಟೆವಲ್ಲ ಎಂಬ ನೋವು ಇವತ್ತಿಗೂ ನನ್ನನ್ನು ಬಿಟ್ಟಿಲ್ಲ.

ಇನ್ನೊಂದು ನೋವು ನನ್ನ ಹುಟ್ಟೂರಿನದು. ನಮ್ಮೂರಿನ ಶಾಲೆ ನಿಂತಿರುವುದು ಒಬ್ಬ ವಿಧವೆ ತಾಯಿ ಬರೆದುಕೊಟ್ಟ ಎರಡು ಎಕರೆ ಜಮೀನಿನ ಮೇಲೆ. ಬಾಗಿಲ ಪಕ್ಕದ ಗೋಡೆಯಲ್ಲಿ ಒಂದು ಕಲ್ಲು ಕೂಡಿಸಿದ್ದರು. ಅಕ್ಷರ ಕಲಿಯುವ ವಯಸ್ಸಿನಲ್ಲಿ ನಾವು ಅದರ ಮೇಲೆ ಬೆರಳಾಡಿಸಿ ಓದುತ್ತಿದ್ದೆವು. ಊರಿನವರ ಬಾಯಲ್ಲಿ ಅದು ‘ಅವ್ವನ ಶಾಲೆ’. ಒಂದು ವರ್ಷ ಕಟ್ಟಡದ ದುರಸ್ತಿಯಾಯಿತು, ಬಣ್ಣ ಬಳಿದರು, ಮುಂಬಾಗಿಲ ಮೇಲೆ ಹೊಸ ಹೆಸರಿನ ಬೋರ್ಡು ಬಂತು. ಕಲ್ಲಿನ ಮೇಲೂ ಸುಣ್ಣದ ಕುಂಚ ಓಡಿತು. ಯಾರೂ ಕೆಟ್ಟದ್ದು ಮಾಡಬೇಕೆಂದು ಮಾಡಲಿಲ್ಲ. ಯಾರನ್ನೂ ಕೇಳಲೂ ಇಲ್ಲ.

ಸಾರ್ವಜನಿಕ ಆಸ್ತಿಗೆ ಹೆಸರಿಡುವ, ಇಟ್ಟ ಹೆಸರನ್ನು ಬದಲಾಯಿಸುವ ಅಧಿಕಾರ ಯಾರದು ಎಂಬ ಪ್ರಶ್ನೆ ನನ್ನೊಳಗೆ ಹುಟ್ಟಿದ್ದು ಹೀಗೆ.

ಇವತ್ತಿನ ವ್ಯವಸ್ಥೆ ಹೇಗಿದೆ ನೋಡೋಣ. ರಾಜ್ಯದ ಹೆಸರಿನ ಅಧಿಕಾರ ಸಂವಿಧಾನದ 3ನೇ ವಿಧಿಯ ಪ್ರಕಾರ ಪಾರ್ಲಿಮೆಂಟಿನದು. ಮೈಸೂರು ರಾಜ್ಯ ಕರ್ನಾಟಕವಾದದ್ದು ಹಾಗೆ. 1972ರಲ್ಲಿ ನಮ್ಮ ಶಾಸನಸಭೆ ನಿರ್ಣಯ ಮಾಡಿತು, ಪಾರ್ಲಿಮೆಂಟು ಕಾಯ್ದೆ ಮಾಡಿತು, 1973ರ ನವೆಂಬರ್ 1ರಿಂದ ಹೊಸ ಹೆಸರು ಜಾರಿಗೆ ಬಂತು. ಏಕೀಕರಣವಾಗಿ ಅಷ್ಟು ಹೊತ್ತಿಗೆ 17 ವರ್ಷ ಕಳೆದಿತ್ತು, ಆ 17 ವರ್ಷವೂ ನಾಡಿನಲ್ಲಿ ಆ ಹೆಸರಿನ ಮಾತು ನಡೆದೇ ಇತ್ತು. ಊರು, ಪಟ್ಟಣಗಳ ಹೆಸರಿಗೆ ರಾಜ್ಯ ಸರ್ಕಾರ ಪ್ರಸ್ತಾವ ಕಳಿಸಬೇಕು, ಕೇಂದ್ರ ಗೃಹ ಸಚಿವಾಲಯ ಒಪ್ಪಬೇಕು. ರೈಲ್ವೆ, ಅಂಚೆ ಇಲಾಖೆ, ಸರ್ವೆ ಆಫ್ ಇಂಡಿಯಾದವರ ಅಭ್ಯಂತರವಿಲ್ಲವೆಂಬ ಮಾತು ಬರಬೇಕು. ಜಿಲ್ಲೆಯ ಹೆಸರು ರಾಜ್ಯದ ಕೈಯಲ್ಲೇ ಇದೆ. 2025ರಲ್ಲಿ ರಾಮನಗರ ಜಿಲ್ಲೆಯನ್ನು ಬೆಂಗಳೂರು ದಕ್ಷಿಣ ಎಂದು ಮಾಡಿದಾಗ ಬದಲಾದದ್ದು ಜಿಲ್ಲೆಯ ಹೆಸರು, ರಾಮನಗರ ಎಂಬ ಊರಿನ ಹೆಸರಲ್ಲ. ಬ್ರಿಟಿಷ್ ಅಧಿಕಾರಿ ಬ್ಯಾರಿ ಕ್ಲೋಸ್‌ನ ಹೆಸರಿನಲ್ಲಿ ಕ್ಲೋಸ್‌ಪೇಟೆ ಎನಿಸಿಕೊಂಡಿದ್ದ ಊರು ಅದು. ವಿಶ್ವವಿದ್ಯಾಲಯದ ಹೆಸರು ಕಾಯ್ದೆಯಲ್ಲೇ ಅಚ್ಚಾಗಿರುವುದರಿಂದ ಶಾಸನಸಭೆ ತಿದ್ದುಪಡಿ ತರಬೇಕು. ವಿಮಾನ ನಿಲ್ದಾಣಕ್ಕೆ ಶಾಸನಸಭೆಯ ನಿರ್ಣಯ ಬೇಕು, ಕೇಂದ್ರದ ಒಪ್ಪಿಗೆಯೂ ಬೇಕು. ಬೀದಿ, ವೃತ್ತ, ಉದ್ಯಾನಗಳಿಗೆ ಪಾಲಿಕೆ, ಪುರಸಭೆಗಳ ಠರಾವು.

ಉಳಿದದ್ದು ಸರ್ಕಾರಿ ಕಟ್ಟಡಗಳು. ಆಸ್ಪತ್ರೆ, ಹಾಸ್ಟೆಲ್, ಬಸ್ ನಿಲ್ದಾಣ, ಕ್ರೀಡಾಂಗಣ, ರಂಗಮಂದಿರ, ಕಚೇರಿ. ನಾವು ದಿನಾ ಒಳಗೆ ಹೋಗಿ ಹೊರಗೆ ಬರುವ ಜಾಗಗಳು ಇವೇ. ಆದರೆ ಊರಿನ ಹೆಸರಿಗಿರುವಷ್ಟು ಕಾವಲು ಇವಕ್ಕಿಲ್ಲ. ಬಹಳ ಕಡೆ ಇಲಾಖೆಯ ಒಂದು ಆದೇಶ ಸಾಕು, ಕೆಲವು ಕಡೆ ಬಣ್ಣದ ಡಬ್ಬಿ ಸಾಕು.

ಊರಿನ ಹೆಸರಿಗಿರುವ ಕಾವಲು ಎಂಥದು ಎಂಬುದನ್ನು ಸ್ವಲ್ಪ ನಿಧಾನವಾಗಿ ನೋಡಬೇಕು, ಯಾಕೆಂದರೆ ಆ ಕಾಗದವನ್ನು ಓದಿದವರು ಕಡಿಮೆ. 1953ರ ಸೆಪ್ಟೆಂಬರ್ 11ರಂದು ಕೇಂದ್ರ ಗೃಹ ಸಚಿವಾಲಯ ಎಲ್ಲ ರಾಜ್ಯಗಳಿಗೂ ಒಂದು ಪತ್ರ ಬರೆಯಿತು. ಹಳ್ಳಿ, ಪಟ್ಟಣ, ರೈಲು ನಿಲ್ದಾಣಗಳ ಹೆಸರು ಬದಲಾಯಿಸುವಾಗ ಏನನ್ನು ನೋಡಬೇಕು ಎಂಬ ಪತ್ರ. ವಿಶೇಷ ಕಾರಣವಿಲ್ಲದೆ ಜನರಿಗೆ ರೂಢಿಯಾದ ಹೆಸರನ್ನು ಬದಲಾಯಿಸಬೇಡಿ. ಇತಿಹಾಸದ ನಂಟಿರುವ ಹೆಸರನ್ನು ಆದಷ್ಟೂ ಮುಟ್ಟಬೇಡಿ. ಸ್ಥಳೀಯ ಅಭಿಮಾನವೊಂದೇ ಕಾರಣವಾಗಬಾರದು. ರಾಷ್ಟ್ರನಾಯಕರಿಗೆ ಗೌರವ ತೋರಿಸಲಿಕ್ಕೆಂದೇ ಹಳ್ಳಿಗಳಿಗೆ ಅವರ ಹೆಸರಿಡಬೇಡಿ. ಅಕ್ಕಪಕ್ಕದಲ್ಲಿ ಅದೇ ಹೆಸರಿನ ಊರಿದ್ದು ಗೊಂದಲವಾಗದ ಹಾಗೆ ನೋಡಿಕೊಳ್ಳಿ. ಯಾಕೆ ಬದಲಾವಣೆ ಬೇಕು, ಯಾಕೆ ಈ ಹೆಸರೇ ಬೇಕು ಎಂಬುದನ್ನು ವಿವರವಾಗಿ ಬರೆದು ಕಳಿಸಿ. ಪತ್ರದ ಸಾರ ಇಷ್ಟು. ಸ್ವಾತಂತ್ರ್ಯ ಬಂದು ಆರೇ ವರ್ಷವಾಗಿತ್ತು. ಗಾಂಧೀಜಿ ತೀರಿಕೊಂಡು ಐದು ವರ್ಷ. ನಾಯಕರ ಮೇಲಿನ ಪ್ರೀತಿ ದೇಶದಲ್ಲಿ ಉಕ್ಕಿ ಹರಿಯುತ್ತಿದ್ದ ಹೊತ್ತಿನಲ್ಲಿ, ಅದೇ ನಾಯಕರ ಸರ್ಕಾರ ‘ನಮ್ಮ ಹೆಸರಿಗಿಂತ ನಿಮ್ಮ ಊರಿನ ಹೆಸರು ದೊಡ್ಡದು’ ಎಂಬ ಅರ್ಥ ಬರುವ ಪತ್ರ ಬರೆಯಿತು. ಅದನ್ನು ಓದಿದಾಗಲೆಲ್ಲ ನನಗೆ ಆ ತಲೆಮಾರಿನ ಮೇಲೆ ಗೌರವ ಹೆಚ್ಚುತ್ತದೆ. ಆಮೇಲೆ ಅದನ್ನು ಎಷ್ಟು ಪಾಲಿಸಿದರು ಎಂಬುದು ಬೇರೆ ಮಾತು.

2014ರ ನವೆಂಬರ್ 1ರಂದು ನಮ್ಮ 12 ಊರುಗಳ ಹೆಸರು ಬದಲಾದಾಗ ಬಹಳ ಜನ ಅದನ್ನೂ ಮರುನಾಮಕರಣವೆಂದರು. ವಿಜಯಪುರವೊಂದನ್ನು ಬಿಟ್ಟರೆ ಉಳಿದವಕ್ಕೆ ಆ ಮಾತು ಅಷ್ಟಾಗಿ ಒಪ್ಪುವುದಿಲ್ಲ. ಬೆಂಗಳೂರಿನ ಬಳಿ ಬೇಗೂರಿನಲ್ಲಿ ಸಾವಿರಕ್ಕೂ ಹೆಚ್ಚು ವರ್ಷ ಹಳೆಯ ವೀರಗಲ್ಲೊಂದಿದೆ. ಬೆಂಗಳೂರಿನ ಕಾಳಗದಲ್ಲಿ ಸತ್ತವನ ಸುದ್ದಿ ಅದರಲ್ಲಿದೆ. ಹೆಸರು ಕಲ್ಲಿನ ಮೇಲೆ ಮೊದಲೇ ಇತ್ತು, ಬಾಯಲ್ಲೂ ಇತ್ತು. ಇಂಗ್ಲಿಷ್ ಕಾಗದ ಮಾತ್ರ ‘ಬ್ಯಾಂಗಲೋರ್’ ಎನ್ನುತ್ತಿತ್ತು, ಅದು ತಿದ್ದಿಕೊಂಡಿತು. ಯು.ಆರ್. ಅನಂತಮೂರ್ತಿಯವರ ಸಲಹೆಯನ್ನು ಸರ್ಕಾರ ಒಪ್ಪಿದ್ದು 2005ರಲ್ಲಿ. ಕೇಂದ್ರದ ಒಪ್ಪಿಗೆ ಬರುವ ಹೊತ್ತಿಗೆ ಒಂಬತ್ತು ವರ್ಷ ಹಿಡಿಯಿತು. ಆ ವಿಳಂಬಕ್ಕೆ ಆಗ ಬಹಳ ಜನ ಸಿಟ್ಟಾದರು, ನಾನೂ ಸಿಟ್ಟಾದವನೇ. ಈಗ ನೆನೆದರೆ, ಅಷ್ಟು ವರ್ಷ ವಾದ ನಡೆದದ್ದರಿಂದಲೇ ಆ ಹೆಸರುಗಳು ಅಷ್ಟು ಬೇಗ ಒಗ್ಗಿದವು ಎನ್ನಿಸುತ್ತದೆ.

ಜನ ಒಪ್ಪದ ಹೆಸರು ಏನಾಗುತ್ತದೆ? ಬೆಂಗಳೂರಿನ ನಡುಮಧ್ಯದ ಕಬ್ಬನ್ ಪಾರ್ಕನ್ನೇ ತೆಗೆದುಕೊಳ್ಳಿ. 1870ರಲ್ಲಿ ಅದನ್ನು ಮಾಡಿದಾಗ ಇಟ್ಟದ್ದು ಮೀಡ್ಸ್ ಪಾರ್ಕ್ ಎಂಬ ಹೆಸರು. ಆಮೇಲೆ ಮಾರ್ಕ್ ಕಬ್ಬನ್ನನ ಹೆಸರು ಬಂತು. 1927ರಲ್ಲಿ, ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಯ ಬೆಳ್ಳಿಹಬ್ಬದ ಸಂದರ್ಭದಲ್ಲಿ, ಅವರ ತಂದೆಯವರ ಹೆಸರಿನಲ್ಲಿ ಶ್ರೀ ಚಾಮರಾಜೇಂದ್ರ ಉದ್ಯಾನವಾಯಿತು. ಹತ್ತಿರ ಹತ್ತಿರ ನೂರು ವರ್ಷ. ಅಷ್ಟು ಪ್ರೀತಿ ಪಡೆದ ಅರಸರ ಕಾಲದ ಆಜ್ಞೆಯೂ ಆಟೋದವರ ನಾಲಗೆಯ ಮೇಲೆ ಏರಲಿಲ್ಲ. ಆಲಮಟ್ಟಿ ಅಣೆಕಟ್ಟಿನ ಜಲಾಶಯ ಕಾಗದದಲ್ಲಿ ಲಾಲ್ ಬಹದ್ದೂರ್ ಶಾಸ್ತ್ರಿ ಸಾಗರ. ಅಡಿಗಲ್ಲು ಹಾಕಿದವರು ಅವರೇ, ಆ ಹೆಸರಿಗೆ ಅರ್ಥವಿದೆ. ಆದರೂ ನೀರು ಎಷ್ಟು ಬಂತು ಎಂದು ಕೇಳುವ ರೈತ ‘ಆಲಮಟ್ಟಿ’ ಎನ್ನುತ್ತಾನೆ. ಹಿರಿಯೂರು ಕಡೆಯ ವಾಣಿವಿಲಾಸ ಸಾಗರ ಇವತ್ತಿಗೂ ಮಾರಿಕಣಿವೆ. ಬೆಂಗಳೂರು ನಗರ ರೈಲು ನಿಲ್ದಾಣಕ್ಕೆ 2016ರಲ್ಲಿ ಕ್ರಾಂತಿವೀರ ಸಂಗೊಳ್ಳಿ ರಾಯಣ್ಣನ ಹೆಸರು ಬಂತು, ಟಿಕೆಟ್ಟಿನ ಮೇಲೆ ಮಾತ್ರ ಎಸ್‌ಬಿಸಿ ಎಂಬ ಹಳೆಯ ಸಂಕೇತವೇ ಉಳಿಯಿತು.

ಇದಕ್ಕೆ ತಿರುಗುಮುರುಗಾದ ಒಂದು ಸಂಗತಿಯೂ ಬೆಂಗಳೂರಿನಲ್ಲೇ ಇದೆ. 1909ರಲ್ಲಿ ಸ್ಥಾಪನೆಯಾದ ಭಾರತೀಯ ವಿಜ್ಞಾನ ಸಂಸ್ಥೆಗೆ ಹಣ ಕೊಟ್ಟವರು ಜಮ್ಷೆಡ್‌ಜಿ ಟಾಟಾ, 370ಕ್ಕೂ ಹೆಚ್ಚು ಎಕರೆ ಜಾಗ ಕೊಟ್ಟದ್ದು ಮೈಸೂರು ಸಂಸ್ಥಾನ. ಟಾಟಾ ತಮ್ಮ ಹೆಸರು ಅದಕ್ಕೆ ಬೇಡವೆಂದಿದ್ದರು, ಅದರಂತೆಯೇ ಆಯಿತು. ಆದರೂ ಮಲ್ಲೇಶ್ವರದಲ್ಲಿ, ಯಶವಂತಪುರದಲ್ಲಿ ಇವತ್ತೂ ‘ಟಾಟಾ ಇನ್‌ಸ್ಟಿಟ್ಯೂಟ್’ ಎಂದರೇ ಬೇಗ ದಾರಿ ತೋರಿಸುತ್ತಾರೆ. ಹೆಸರು ಬೇಡವೆಂದವನ ಹೆಸರನ್ನು ಊರು ಬಿಡಲಿಲ್ಲ.

ಜನ ಹೇಗೂ ತಮಗೆ ಬೇಕಾದಂತೆ ಕರೆಯುತ್ತಾರೆ, ಬೋರ್ಡಿನ ಮೇಲೆ ಏನಿದ್ದರೇನು ಎಂದು ಕೆಲವರು ಕೇಳುತ್ತಾರೆ. ನಾನು ಒಪ್ಪುವುದಿಲ್ಲ. ಬೋರ್ಡು ಸಾರ್ವಜನಿಕ ನೆನಪು. ಬಾಯಿಮಾತು ಎರಡು ತಲೆಮಾರು ಉಳಿದೀತು, ಆಮೇಲೆ ಮಗು ಓದುವುದು ಬೋರ್ಡನ್ನೇ. ನಮ್ಮೂರಿನ ಹುಡುಗರು ಈಗ ‘ಅವ್ವನ ಶಾಲೆ’ ಎನ್ನುವುದಿಲ್ಲ.

ಮೈಸೂರಿನಲ್ಲಿ ಈಚೆಗೆ ನಡೆದ ಒಂದು ಪ್ರಕರಣ ಈ ಪ್ರಶ್ನೆಯ ಎಲ್ಲ ಮುಖಗಳನ್ನೂ ತೋರಿಸಿತು. 2024ರ ಡಿಸೆಂಬರ್‌ನಲ್ಲಿ ಅಲ್ಲಿನ ಮಹಾನಗರ ಪಾಲಿಕೆ ಒಂದು ಪ್ರಕಟಣೆ ಹೊರಡಿಸಿತು. ಕೆ.ಆರ್.ಎಸ್. ರಸ್ತೆಯ ಒಂದು ಭಾಗಕ್ಕೆ, ಲಕ್ಷ್ಮೀ ವೆಂಕಟರಮಣಸ್ವಾಮಿ ದೇವಸ್ಥಾನದಿಂದ ಹೊರವರ್ತುಲ ರಸ್ತೆಯವರೆಗೆ, ‘ಸಿದ್ದರಾಮಯ್ಯ ಆರೋಗ್ಯ ಮಾರ್ಗ’ ಎಂದು ಹೆಸರಿಡುವ ಪ್ರಸ್ತಾವವಿದೆ, ಆಕ್ಷೇಪಣೆ ಇದ್ದವರು 30 ದಿನಗಳಲ್ಲಿ ತಿಳಿಸಿ ಎಂದು. ಸಿದ್ದರಾಮಯ್ಯನವರು ಆಗ ಮುಖ್ಯಮಂತ್ರಿ. ಆ ದಾರಿಯ ಉದ್ದಕ್ಕೂ ದೊಡ್ಡ ಆಸ್ಪತ್ರೆಗಳು ಎದ್ದದ್ದು ಅವರ ಆಡಳಿತದಲ್ಲಿ, ಬಡವರಿಗೆ ಅದರಿಂದ ಉಪಕಾರವಾಗಿದೆ ಎಂಬುದು ಬೇಕೆಂದವರ ವಾದ. ಅದು ಹುರುಳಿಲ್ಲದ ವಾದವೇನಲ್ಲ. ಬೇಡವೆಂದವರು, ಇದು ಪ್ರಿನ್ಸೆಸ್ ರಸ್ತೆ, ರಾಜಕುಮಾರಿ ಕೃಷ್ಣಾಜಮ್ಮಣ್ಣಿಯವರ ನೆನಪಿನ ರಸ್ತೆ ಎಂದರು. ನಾಲ್ವಡಿಯವರ ಸಹೋದರಿ ಅವರು, ಕ್ಷಯದಿಂದ ತೀರಿಕೊಂಡರು. ಅದೇ ರಸ್ತೆಯಲ್ಲಿರುವ ಕ್ಷಯರೋಗ ಆಸ್ಪತ್ರೆ ಅವರ ಹೆಸರಿನದು. ತಮ್ಮ ಮನೆಯ ಮಗಳನ್ನು ನುಂಗಿದ ಕಾಯಿಲೆ ಬೇರೆಯವರ ಮನೆಯ ಮಕ್ಕಳನ್ನು ನುಂಗಬಾರದೆಂದು ಕಟ್ಟಿದ ಆಸ್ಪತ್ರೆ. ಆ ರಸ್ತೆಗೆ ಪ್ರಿನ್ಸೆಸ್ ರಸ್ತೆಯೆಂಬ ಹೆಸರು ದಾಖಲೆಯಲ್ಲಿ ಇತ್ತೇ ಎಂಬ ವಾದವೂ ಎದ್ದಿತು. ಜನ ಹಳೆಯ ಕಾಗದಪತ್ರಗಳನ್ನು ಹುಡುಕಿ ತೆಗೆದರು.

ಎರಡೂ ಕಡೆಯವರ ಮಾತು ಕೇಳಿದಮೇಲೆ ನನ್ನನ್ನು ಕಾಡಿದ್ದು ಬೇರೊಂದು. ಆಗ ಆ ಪಾಲಿಕೆಯಲ್ಲಿ ಚುನಾಯಿತ ಸದಸ್ಯರೇ ಇರಲಿಲ್ಲ. ಅವರ ಅವಧಿ ಒಂದು ವರ್ಷದ ಹಿಂದೆಯೇ ಮುಗಿದಿತ್ತು, ಚುನಾವಣೆ ನಡೆದಿರಲಿಲ್ಲ. ಸರ್ಕಾರ ನೇಮಿಸಿದ ಆಡಳಿತಾಧಿಕಾರಿ, ಆ ಸರ್ಕಾರದ ಮುಖ್ಯಸ್ಥರ ಹೆಸರಿಡುವ ಪ್ರಸ್ತಾವದ ಮೇಲೆ ತೀರ್ಮಾನ ಮಾಡಬೇಕಾದ ಸ್ಥಿತಿ. ಆ ಕುರ್ಚಿಯಲ್ಲಿ ಎಷ್ಟು ಒಳ್ಳೆಯ ಅಧಿಕಾರಿ ಕೂತಿದ್ದರೂ ಬೇಡವೆನ್ನುವುದು ಅವರಿಗೆ ಸುಲಭವಲ್ಲ. ಬೆಂಗಳೂರಿನಲ್ಲಂತೂ 2020ರ ಸೆಪ್ಟೆಂಬರ್‌ನಲ್ಲಿ ಪಾಲಿಕೆಯ ಅವಧಿ ಮುಗಿದಮೇಲೆ ವರ್ಷಗಟ್ಟಲೆ ಚುನಾಯಿತ ಸದಸ್ಯರಿರಲಿಲ್ಲ. ಚುನಾಯಿತ ಸಭೆ ಇಲ್ಲದಿರುವಾಗ ಕಸ ಎತ್ತಬೇಕು, ನೀರು ಬಿಡಬೇಕು, ಸಂಬಳ ಕೊಡಬೇಕು, ಅವು ಕಾಯುವುದಿಲ್ಲ. ಹೆಸರು ಕಾಯುತ್ತದೆ. ಆಡಳಿತಾಧಿಕಾರಿಗೆ ಹೆಸರಿಡುವ ಅಧಿಕಾರ ಇರಲೇಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ.

ಹಾಗೆಂದು ಆ ಪ್ರಕರಣದಲ್ಲಿ ಮೆಚ್ಚುವ ಅಂಶವೇ ಇಲ್ಲವೆನ್ನಲಾರೆ. ಪತ್ರಿಕೆಯಲ್ಲಿ ಪ್ರಕಟಣೆ ಬಂತು, 30 ದಿನ ಸಿಕ್ಕಿತು, ಜನ ಬರೆದರು, ಬೀದಿಗೆ ಬಂದು ಮಾತಾಡಿದರು. ರಸ್ತೆಗೆ ಇಷ್ಟಾದರೂ ಇದೆ. ಆಸ್ಪತ್ರೆಯ ಕಟ್ಟಡಕ್ಕೆ, ಹಾಸ್ಟೆಲ್ಲಿಗೆ ಆ 30 ದಿನ ಎಲ್ಲಿದೆ?

ರೈಲಿಗೂ ಇಲ್ಲ. ಮೈಸೂರು ಬೆಂಗಳೂರುಗಳ ನಡುವೆ 1980ರಿಂದ ಓಡುತ್ತಿದ್ದ ಟಿಪ್ಪು ಎಕ್ಸ್‌ಪ್ರೆಸ್, 2022ರ ಅಕ್ಟೋಬರ್‌ನಲ್ಲಿ ರೈಲ್ವೆ ಮಂಡಳಿಯ ಆದೇಶವೊಂದರಿಂದ ಒಡೆಯರ್ ಎಕ್ಸ್‌ಪ್ರೆಸ್ ಆಯಿತು. ಒಡೆಯರ ಮನೆತನಕ್ಕೆ ಈ ನಾಡು ಎಷ್ಟು ಋಣಿಯೆಂಬುದನ್ನು ನನಗೆ ಯಾರೂ ಹೇಳಿಕೊಡಬೇಕಿಲ್ಲ. ಹೊಸದೊಂದು ರೈಲಿಗೆ ಆ ಹೆಸರಿಟ್ಟಿದ್ದರೆ ನಿಲ್ದಾಣಕ್ಕೆ ಹೋಗಿ ಹೂ ಹಾಕಿ ಬರುತ್ತಿದ್ದೆ. ಆದರೆ ನಾಲ್ಕು ದಶಕ ಓಡಿದ ರೈಲಿನ ಹೆಸರನ್ನು, ಅದರಲ್ಲಿ ದಿನಾ ಓಡಾಡುವವರನ್ನು ಒಂದು ಮಾತು ಕೇಳದೆ ತೆಗೆದಾಗ, ಗೌರವ ಒಬ್ಬರಿಗೆ ಸಂದಿತು, ಗಾಯ ಇನ್ನೊಬ್ಬರಿಗಾಯಿತು. ಇದು ಯಾವುದೋ ಒಂದು ಪಕ್ಷದ ಕಾಲದ ಕಥೆಯಲ್ಲ. ಜೋಗದ ಬಳಿ 1948ರಲ್ಲಿ ಆರಂಭವಾದ ಕೃಷ್ಣರಾಜೇಂದ್ರ ಜಲವಿದ್ಯುತ್ ಕೇಂದ್ರ ಮರುವರ್ಷವೇ ಮಹಾತ್ಮ ಗಾಂಧಿ ಜಲವಿದ್ಯುತ್ ಕೇಂದ್ರವಾಯಿತು. ಗಾಂಧೀಜಿ ಇದ್ದಿದ್ದರೆ, ಅರಸರ ಹೆಸರು ಅಳಿಸಿ ನನ್ನದು ಬರೆಯಿರಿ ಎನ್ನುತ್ತಿದ್ದರೆ?

ಹೊಸ ಕಟ್ಟಡಕ್ಕೆ ಹೆಸರಿಡುವುದು ಒಂದು ಕೆಲಸ, ಇರುವ ಹೆಸರನ್ನು ತೆಗೆಯುವುದು ಇನ್ನೊಂದು ಕೆಲಸ. ನಮ್ಮ ಕಾಯ್ದೆ ಆದೇಶಗಳು ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗುತ್ತಿವೆ. ನಮ್ಮ ಹಳೆಯ ಶಾಸನ ಬರೆಸಿದವರು ಹಾಗೆ ತೂಗಲಿಲ್ಲ. ಕೆರೆ ಕಟ್ಟಿಸಿದವರ, ಭೂಮಿ ಬಿಟ್ಟವರ ಶಾಸನಗಳ ಕೊನೆಗೆ ಹೋಗಿ ನೋಡಿ. ಈ ದತ್ತಿಯನ್ನು ಅಳಿಸಿದವನಿಗೆ ವಾರಣಾಸಿಯಲ್ಲಿ ಕವಿಲೆಗಳನ್ನು ಕೊಂದ ಪಾಪ ಎಂದು ಬರೆದಿರುತ್ತದೆ. ಅದರ ಜತೆಗೇ ಬರುವ ಇನ್ನೊಂದು ಮಾತು ನನಗೆ ಹೆಚ್ಚು ಪ್ರಿಯ. ತಾನು ಕೊಟ್ಟದ್ದಕ್ಕಿಂತ, ಬೇರೆಯವರು ಕೊಟ್ಟದ್ದನ್ನು ಕಾಪಾಡಿದರೆ ಎರಡರಷ್ಟು ಪುಣ್ಯ ಎಂಬ ಮಾತು. ಕದಂಬರು ಹೋಗಿ ಚಾಲುಕ್ಯರು ಬರುತ್ತಾರೆ, ಚಾಲುಕ್ಯರು ಹೋಗಿ ರಾಷ್ಟ್ರಕೂಟರು ಬರುತ್ತಾರೆ, ಬಂದವರು ಹಿಂದಿನವರ ಹೆಸರನ್ನು ಕೆತ್ತಿ ತೆಗೆಯಲು ಆಸೆಪಡುತ್ತಾರೆ ಎಂಬುದು ಕಲ್ಲು ಬರೆಸಿದವರಿಗೆ ಗೊತ್ತಿತ್ತು. ಆ ಆಸೆಗೇ ಅವರು ತಡೆ ಹಾಕಿದರು.

ಅಳಿಸಬೇಕಾದ ಹೆಸರುಗಳೇ ಇಲ್ಲವೆ? ಇವೆ. ಜಾತಿಯ ಹೆಸರಿಟ್ಟು ಕೇರಿಗಳನ್ನು ಕರೆದದ್ದು, ಆ ಹೆಸರು ಪಡಿತರ ಚೀಟಿಯ ಮೇಲೆ, ಶಾಲೆಯ ಹಾಜರಿ ಪುಸ್ತಕದ ವಿಳಾಸದಲ್ಲಿ ಕೂತು ಹುಡುಗರ ತಲೆ ತಗ್ಗಿಸಿದ್ದು ನಮ್ಮ ಕಣ್ಣೆದುರೇ ಇದೆ. ಅಲ್ಲಿ ‘ರೂಢಿಯಾದ ಹೆಸರು, ಮುಟ್ಟಬೇಡಿ’ ಎನ್ನುವುದು ಅನ್ಯಾಯ. ಅಂಥ ಹೆಸರಿನ ವಿಷಯದಲ್ಲಿ ಅಧಿಕಾರ ಆ ಕೇರಿಯಲ್ಲಿ ಬದುಕುವವರದು, ಅವರದು ಮಾತ್ರ. ಮೇಲಿನ ಬೀದಿಯವರ ಒಪ್ಪಿಗೆಗೆ ಅವರು ಕಾಯಬೇಕಿಲ್ಲ, ವರ್ಷಗಟ್ಟಲೆ ಚರ್ಚೆಯೂ ಬೇಕಿಲ್ಲ. ನಾನು ಕೆಲಸದಲ್ಲಿದ್ದಾಗ ಅಂಥ ಒಂದು ಅರ್ಜಿ ಬಂತು. ನಲವತ್ತು ಹೆಬ್ಬೆಟ್ಟು, ಅರವತ್ತು ಸಹಿ. ಆ ಠರಾವು ಬರೆಯುವಾಗ ನನ್ನ ಅಕ್ಷರ ಎಂದಿಗಿಂತ ದುಂಡಗಾಗಿತ್ತು.

ದೇಶದ ಊರು, ಸ್ಮಾರಕಗಳ ಹೆಸರು ಬದಲಾಯಿಸಲು ಒಂದು ಆಯೋಗವೇ ಬೇಕೆಂದು ಒಬ್ಬರು ಸುಪ್ರೀಂ ಕೋರ್ಟಿಗೆ ಹೋಗಿದ್ದರು. 2023ರ ಫೆಬ್ರವರಿಯಲ್ಲಿ ನ್ಯಾಯಮೂರ್ತಿ ಕೆ.ಎಂ. ಜೋಸೆಫ್ ಮತ್ತು ನಮ್ಮ ನಾಡಿನವರಾದ ನ್ಯಾಯಮೂರ್ತಿ ಬಿ.ವಿ. ನಾಗರತ್ನ ಅವರ ಪೀಠ ಆ ಅರ್ಜಿಯನ್ನು ವಜಾ ಮಾಡಿತು. ದೇಶವೊಂದು ತನ್ನ ಗತಕಾಲದ ಸೆರೆಯಾಳಾಗಿ ಉಳಿಯಲಾಗದು ಎಂಬರ್ಥದ ಮಾತು ಪೀಠದಿಂದ ಬಂತು. ದೆಹಲಿಯ ಆಯೋಗವೊಂದು ಕೂತು ಊರೂರಿನ ಹೆಸರು ತೀರ್ಮಾನಿಸುವುದು ನನಗೂ ಸರಿಬರುವುದಿಲ್ಲ. ಸುರಪುರದ ಆಸ್ಪತ್ರೆಗೆ ಯಾರ ಹೆಸರಿರಬೇಕು ಎಂಬುದನ್ನು ಸುರಪುರದವರಿಗಿಂತ ಬೇರೆ ಯಾರು ಬಲ್ಲರು?

ನಮ್ಮ ಮನೆಗಳ ನಾಮಕರಣ ನೆನಪು ಮಾಡಿಕೊಳ್ಳಿ. ತೊಟ್ಟಿಲ ಸುತ್ತ ಬಂಧುಗಳೆಲ್ಲ ಸೇರುತ್ತಾರೆ. ಬಡಗಣ ಸೀಮೆಯಲ್ಲಿ ಮಗುವಿನ ಕಿವಿಯಲ್ಲಿ ಹೆಸರು ಹೇಳುವ ಹಕ್ಕು ಸೋದರತ್ತೆಯದು. ಮನೆಯ ಯಜಮಾನ ಎಷ್ಟೇ ದೊಡ್ಡವನಿರಲಿ, ಒಳಗಿನ ಕೋಣೆಯಲ್ಲಿ ಒಬ್ಬನೇ ಕೂತು ಹೆಸರಿಟ್ಟು ಹೊರಗೆ ಬರುವುದಿಲ್ಲ. ಹತ್ತು ಜನರೆದುರು, ಎಲ್ಲರಿಗೂ ಕೇಳುವಂತೆ ಆಗಬೇಕು.

ಸಾರ್ವಜನಿಕ ಕಟ್ಟಡಕ್ಕೂ ಹಾಗೇ ಆಗಲಿ ಎಂಬುದು ನನ್ನ ಆಸೆ. ಹಳ್ಳಿಯ ಶಾಲೆ, ಆಸ್ಪತ್ರೆ, ಸಮುದಾಯ ಭವನಗಳ ಹೆಸರು ಗ್ರಾಮಸಭೆಯಲ್ಲಿ ತೀರ್ಮಾನವಾಗಬೇಕು. ಪಟ್ಟಣದಲ್ಲಿ ವಾರ್ಡಿನ ಜನರ ಮುಂದಿಟ್ಟು, ಆಮೇಲೆ ಚುನಾಯಿತ ಸಭೆಯ ವಿಷಯಸೂಚಿಯಲ್ಲಿ ಮೊದಲೇ ಅಚ್ಚಾಗಿ ಬರಬೇಕು, ‘ಇತರ ವಿಷಯ’ವಾಗಿ ಅಲ್ಲ. ಇಡೀ ರಾಜ್ಯಕ್ಕೆ ಸೇರಿದ ಕಟ್ಟಡವಾದರೆ ಶಾಸನಸಭೆಯ ಮುಂದೆ ಬರಲಿ, ಸಚಿವ ಸಂಪುಟ ಒಂದೇ ಸಾಲದು. ಪ್ರಕಟಣೆಯನ್ನು ಪತ್ರಿಕೆಯ ಮೂಲೆಯಲ್ಲಿ ಹಾಕಿದರೆ ಮುಗಿಯಿತೆಂದಲ್ಲ. ಆ ಕಟ್ಟಡದ ಬಾಗಿಲಿಗೇ ಅಂಟಿಸಬೇಕು, ಎರಡು ತಿಂಗಳಾದರೂ ಅಲ್ಲಿರಬೇಕು. ಹೊಸ ಹೆಸರಿಗೆ ಅರ್ಧಕ್ಕಿಂತ ಹೆಚ್ಚು ಮತ ಸಾಕು. ಇರುವ ಹೆಸರನ್ನು ತೆಗೆಯುವುದಕ್ಕೆ ಮೂರರಲ್ಲಿ ಎರಡು ಪಾಲು ಬೇಕು. ಜಾಗ ಯಾರು ಕೊಟ್ಟರು, ದಾನಪತ್ರದಲ್ಲಿ ಏನು ಬರೆದಿದೆ, ಈಗಿನ ಹೆಸರು ಎಂದು ಯಾರಿಂದ ಬಂತು ಎಂಬ ಟಿಪ್ಪಣಿಯಿಲ್ಲದೆ ಕಡತ ಮುಂದೆ ಹೋಗಲೇಬಾರದು. ಬೋರ್ಡು, ಮೊಹರು, ರಸೀತಿ ಪುಸ್ತಕ, ಪಹಣಿ, ಬ್ಯಾಂಕಿನ ಖಾತೆ ಇವೆಲ್ಲವನ್ನೂ ಬದಲಾಯಿಸಲು ಆಗುವ ಖರ್ಚೂ ಅದೇ ಟಿಪ್ಪಣಿಯಲ್ಲಿರಲಿ.

ಬದುಕಿರುವವರ ಹೆಸರು ಬೇಡ. ತೀರಿಕೊಂಡವರಾದರೂ ಹತ್ತು ವರ್ಷ ಕಳೆಯಲಿ. ಕಣ್ಣೀರು ಆರಿದಮೇಲೆ ಉಳಿಯುವ ಪ್ರೀತಿ ಗಟ್ಟಿಯಾದದ್ದು. ಈ ಮಾತಿಗೆ ನಮ್ಮಲ್ಲೇ ಒಳ್ಳೆಯ ನಿದರ್ಶನವಿದೆ. ಶಿವಮೊಗ್ಗದ ವಿಮಾನ ನಿಲ್ದಾಣ 2023ರ ಫೆಬ್ರವರಿಯಲ್ಲಿ ಉದ್ಘಾಟನೆಯಾಯಿತು. ಅದಕ್ಕೆ ಯಡಿಯೂರಪ್ಪನವರ ಹೆಸರಿಡುವ ಪ್ರಸ್ತಾವವಿತ್ತು. ಅದು ತನಗಾಗಿ ದುಡಿದವರ ಮೇಲೆ ಜಿಲ್ಲೆಗಿದ್ದ ಪ್ರೀತಿಯೇ ಆದರೂ ಅವರು ಬೇಡವೆಂದರು, ಕುವೆಂಪು ಅವರ ಹೆಸರು ಬಂತು. ಅಧಿಕಾರವಿದ್ದವರು ಬೇಡವೆಂದಾಗ ಊರಿಗೆ ಎಂಥ ಹೆಸರು ಸಿಕ್ಕಿತು ನೋಡಿ. ವಿಧಾನಸೌಧವನ್ನು ಕಟ್ಟಿಸಿದ ಕೆಂಗಲ್ ಹನುಮಂತಯ್ಯನವರು ಅದಕ್ಕೆ ಯಾರ ಹೆಸರನ್ನೂ ಇಡಲಿಲ್ಲ. ಒಳಗೆ ನಡೆಯಬೇಕಾದ ಕೆಲಸದ ಹೆಸರಿಟ್ಟರು, ಬಾಗಿಲ ಮೇಲೆ ಸರ್ಕಾರದ ಕೆಲಸ ದೇವರ ಕೆಲಸ ಎಂದು ಬರೆಸಿದರು. ಆ ಕಟ್ಟಡವನ್ನು ನೋಡಿದವರಿಗೆಲ್ಲ ಇವತ್ತಿಗೂ ಕೆಂಗಲ್ಲರು ನೆನಪಾಗುತ್ತಾರೆ.

ಹೀಗೆಲ್ಲ ನಿಯಮ ಮಾಡಿದರೆ ಹೆಸರಿಡುವುದೇ ಕಷ್ಟವಾದೀತು ಎಂದು ನನ್ನ ಹಳೆಯ ಸಹೋದ್ಯೋಗಿಯೊಬ್ಬರು ಹೇಳಿದರು. ಆಗಲಿ ಸ್ವಾಮಿ ಎಂದೆ. ಊರಿಗೆ ದೂರದಿಂದ ಬಂದ ಒಬ್ಬ ರೋಗಿ ವಿಕ್ಟೋರಿಯಾ ಆಸ್ಪತ್ರೆ ಎಲ್ಲಿ, ಮಿಂಟೊ ಆಸ್ಪತ್ರೆ ಎಲ್ಲಿ ಎಂದು ಕೇಳುತ್ತಾನೆ. ಅವನಿಗೆ ಮಹಾರಾಣಿಯೂ ಗೊತ್ತಿಲ್ಲ, ವೈಸರಾಯಿಯೂ ಗೊತ್ತಿಲ್ಲ. ಕಣ್ಣು ಬರುವ ಜಾಗ, ಜೀವ ಉಳಿಯುವ ಜಾಗ ಎಂದಷ್ಟೇ ಗೊತ್ತು. ಅವನ ಕೈಯಲ್ಲಿರುವ ಚೀಟಿಯ ಮೇಲಿನ ಹೆಸರನ್ನು ಬದಲಾಯಿಸುವ ಮೊದಲು ನಾವು ಹತ್ತು ಸಲ ಯೋಚಿಸಿದರೆ ತಪ್ಪೇನೂ ಇಲ್ಲ.

ಕಳೆದ ಬೇಸಿಗೆಯಲ್ಲಿ ಊರಿಗೆ ಹೋಗಿದ್ದೆ. ಶಾಲೆಯ ಈಗಿನ ಮೇಷ್ಟ್ರು ಚಿಕ್ಕ ವಯಸ್ಸಿನವರು, ನಮ್ಮೂರಿನವರಲ್ಲ. ಕಲ್ಲಿನ ಕಥೆ ಹೇಳಿದೆ. ಅವರು ಒಳಗೆ ಹೋಗಿ ಒಂದು ತೆಂಗಿನ ಚಿಪ್ಪು, ಬಕೆಟ್ಟಿನಲ್ಲಿ ನೀರು ತಂದರು. ಏಳನೇ ತರಗತಿಯ ಮೂರು ಹುಡುಗಿಯರೂ ಬಂದು ಸೇರಿಕೊಂಡರು. ನಾಲ್ಕಾರು ಪದರ ಸುಣ್ಣ, ಅದರ ಮೇಲೆ ಎಣ್ಣೆಬಣ್ಣ. ಮಧ್ಯಾಹ್ನದ ಊಟದ ಗಂಟೆಯ ಹೊತ್ತಿಗೆ ಎರಡು ಸಾಲು ಕಾಣಿಸಿತು: ಊರಿನ ಹೆಸರು, ಸಂವತ್ಸರದ ಹೆಸರು. ದಾನಪತ್ರದ ನಕಲಿಗಾಗಿ ಅರ್ಜಿ ಹಾಕಿದ್ದೇನೆ. ಮುಂದಿನ ಗ್ರಾಮಸಭೆಯ ವಿಷಯಪಟ್ಟಿಯಲ್ಲಿ ಶಾಲೆಯ ಹೆಸರಿನ ವಿಷಯ ಸೇರಿಸಿ ಎಂದು ಪಂಚಾಯಿತಿಗೂ ಬರೆದುಕೊಟ್ಟಿದ್ದೇನೆ. ಮೂರನೆಯ ಸಾಲನ್ನು ತಾವೇ ಬಿಡಿಸುತ್ತೇವೆಂದು ಆ ಹುಡುಗಿಯರು ಹೇಳಿದ್ದಾರೆ. ಅವ್ವನ ಹೆಸರು ಇರುವುದು ಆ ಸಾಲಿನಲ್ಲಿ.